ಪಾಳಿಗೆ ಇಟ್ಟ ಡಬ್ಬಿ

ನಮ್ಮ ಗಿರಣಿಯ ಜಗಲಿಯ ಮೇಲೆ ಡಬ್ಬಿಗಳು ಸಾಲಾಗಿ ನಿಂತಿರುತ್ತಿದ್ದವು. ಎಣ್ಣೆಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಮುಚ್ಚಳ ಕಳೆದುಕೊಂಡು ಬಟ್ಟೆ ಬಿಗಿಸಿಕೊಂಡ ಡಬ್ಬಿ, ಅಳಿಯನ ಹೆಸರು ಬರೆಸಿಕೊಂಡು ಬಂದ ಹಳೆಯ ಉಡುಗೊರೆಯ ಡಬ್ಬಿ. ಹೆಂಗಸರು ಕಾಳು ತುಂಬಿದ ಡಬ್ಬಿಯನ್ನು ಪಾಳಿಗೆ ಇಟ್ಟು ನೀರಿಗೋ ಸಂತೆಗೋ ಹೋಗಿಬಿಡುತ್ತಿದ್ದರು. ಡಬ್ಬಿ ನಿಂತಿತೆಂದರೆ ಅವರೇ ನಿಂತ ಹಾಗೆ. ಜಗಳಗಂಟಿಯರೆಂದು ಹೆಸರಾದವರೂ ಇನ್ನೊಬ್ಬರ ಡಬ್ಬಿಯನ್ನು ಹಿಂದಕ್ಕೆ ಸರಿಸಿದ್ದನ್ನು ನಾನು ಕಂಡಿಲ್ಲ. ಆ ಊರಿನಲ್ಲಿ ದೇವರ ಮುಂದೆ ಸುಳ್ಳಾಡಿದವರಿದ್ದರು. ಪಾಳಿಗೆ ಇಟ್ಟ ಡಬ್ಬಿಯನ್ನು ಮುಟ್ಟಿದವರಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಗಿರಣಿ ನನ್ನ ಕೈಗೆ ಬಂತು. ಮಗಳು ವನಜ ಬೆಲ್ಟಿನ ಗಾಳಿಯಲ್ಲೇ ಬೆಳೆದಳು. ಶಾಲೆ ಬಿಟ್ಟೊಡನೆ ಬಂದು ಗೋಣಿಚೀಲದ ಮೇಲೆ ಕೂತು ಓದುವಳು. ಆ ಸದ್ದಿನಲ್ಲಿ ಅದೇನು ಓದುತ್ತೀಯೇ ಎಂದರೆ, "ಇಲ್ಲಿ ಯಾರು ಕರೆದರೂ ಕೇಳಲ್ಲಮ್ಮ. ಇದಕ್ಕಿಂತ ಶಾಂತವಾದ ಜಾಗ ಎಲ್ಲಿದೆ?" ಎನ್ನುವಳು. ಗ್ರಂಥಾಲಯದಿಂದ ತಂದ ಇಂಗ್ಲಿಷ್ ಪುಸ್ತಕಗಳ ಹಾಳೆಗಳ ನಡುವೆ ಜೋಳದ ಹಿಟ್ಟು ಸೇರಿಕೊಂಡಿರುತ್ತಿತ್ತು. ಪುಸ್ತಕ ವಾಪಸು ಕೊಡುವಾಗ ಗ್ರಂಥಪಾಲಕರು ಅದನ್ನು ಮೇಜಿಗೆ ಕುಟ್ಟಿ ಜಾಡಿಸಿಯೇ ತೆಗೆದುಕೊಳ್ಳುತ್ತಿದ್ದರಂತೆ.

ಸಂಜೆ ಮೋಟಾರು ನಿಲ್ಲಿಸಿ ನಾನು ಕಲ್ಲಿನ ಸುತ್ತ ಕೂತ ಹಿಟ್ಟನ್ನು ಗುಡಿಸುವಾಗ ಅವಳು ಅಂದು ಓದಿದ್ದನ್ನು ಕನ್ನಡದಲ್ಲಿ ಹೇಳುವಳು. ನನ್ನ ಕಿವಿಯಲ್ಲಿ ಗಿರಣಿ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಹಾಗಾಗಿ ಅವಳು ಗಟ್ಟಿಯಾಗಿ ಹೇಳಬೇಕು. ಒಂದು ಕತೆಯಲ್ಲಿ ಒಬ್ಬ ಹೆಂಗಸು ಒಲೆಗೆಂದು ತಂದ ಕಟ್ಟಿಗೆಯನ್ನೆಲ್ಲ ಕೂಡಿಸಿ ದೋಣಿ ಮಾಡಿಕೊಂಡು ಹೊರಟುಹೋಗುತ್ತಿದ್ದಳು.

"ಒಲೆ ಕಟ್ಟಿಗೇಲಿ ದೋಣಿಯಾ? ಸೋರಲಿಲ್ಲವೇನೇ?" ಎಂದೆ.

"ಸೋರಿತು," ಎಂದಳು ವನಜ. "ಆದರೂ ಹೋದಳು."

ಆ ರಾತ್ರಿ ರೊಟ್ಟಿ ತಟ್ಟುವಾಗ ಒಲೆಯ ಕಟ್ಟಿಗೆಯನ್ನು ನೋಡಿ ನನಗೆ ನಗು ಬಂತು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ನನಗೆ ಅಂಥ ಹೆಂಗಸರ ಪರಿಚಯವೇ ಇರಲಿಲ್ಲ. ಮಗಳು ಒಬ್ಬೊಬ್ಬರನ್ನಾಗಿ ಗಿರಣಿಗೆ ಕರೆತರುತ್ತಿದ್ದಳು.

ಪಿ.ಯು.ಸಿ. ಮುಗಿಯಿತು. ಬಿ.ಎ.ಗೆ ಇಂಗ್ಲಿಷ್ ಸಾಹಿತ್ಯವನ್ನೇ ಐಚ್ಛಿಕವಾಗಿ ಓದುತ್ತೇನೆ ಎಂದಳು. ಗೋಡೆಯ ಪಕ್ಕದ ಹಲಗೆಯ ಮೇಲೆ ಕೂತಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆದು, ವರ್ಷಕ್ಕೊಂದು ಮನೆ ಮಾಡಿ, ಮೂರು ವರ್ಷಗಳನ್ನು ನನಗೆ ತೋರಿಸಿದಳು. ಇಂಗ್ಲಿಷಿನ ಜೊತೆಗೆ ಇತಿಹಾಸ ಮತ್ತು ಕನ್ನಡ. ಮೊದಲು ಕವಿತೆ, ಆಮೇಲೆ ನಾಟಕ, ಕೊನೆಗೆ ಕಾದಂಬರಿ. ನಾಟಕದ ಮನೆ ಸ್ವಲ್ಪ ಚಿಕ್ಕದಾಯಿತೆಂದು ಅಳಿಸಿ ದೊಡ್ಡದು ಮಾಡಿದಳು. ಮರುದಿನ ಗಿರಣಿ ಓಡಿದ ಮೇಲೆ ಆ ಗೆರೆಗಳ ಮೇಲೆ ಹೊಸ ಹಿಟ್ಟು ಕೂತುಬಿಟ್ಟಿತ್ತು. ಅವಳು ಮತ್ತೆ ಎಳೆದಳು.

ಸುದ್ದಿ ತಿಳಿದು ನನ್ನ ಭಾವ ಗುರುಶಾಂತಪ್ಪ ಬಂದರು. ಗಂಡನ ಅಣ್ಣ; ಪೇಟೆಯಲ್ಲಿ ಗೊಬ್ಬರದ ಅಂಗಡಿ. ಬಿಳಿ ಪಂಚೆಗೆ ಹಿಟ್ಟು ತಾಗದಂತೆ ಬಾಗಿಲಲ್ಲೇ ನಿಂತರು.

"ಇಂಗ್ಲಿಷ್ ಸಾಹಿತ್ಯವಂತಲ್ಲಮ್ಮ. ಓದಿ ಏನಾಗ್ತಾಳೆ?"

"ಓದಿದವಳಾಗ್ತಾಳೆ ಭಾವ."

"ತಮಾಷೆ ಬೇಡ. ಬಿ.ಕಾಂ. ಮಾಡಲಿ. ನನ್ನ ಅಂಗಡೀಲಿ ಲೆಕ್ಕಪತ್ರ ನೋಡ್ಕೊಂಡಿರಲಿ. ನಮ್ಮ ಕುಸುಮಾನೂ ಅದಕ್ಕೇ ಸೇರಿಸ್ತಿದೀನಿ. ಇಬ್ಬರೂ ಜೊತೇಲಿ ಹೋಗಿ ಬರ್ತಾರೆ."

"ಕುಸುಮಾನ ಕೇಳಿದಿರಾ?"

"ಅವಳನ್ನೇನು ಕೇಳೋದು? ಕತೆ ಓದೋಕೆ ಕಾಲೇಜು ಯಾಕಮ್ಮ? ಮನೇಲೇ ಕೂತು ಓದ್ಕೊಳ್ಳಲಿ."

"ಅಡುಗೇನೂ ಮನೇಲೇ ಮಾಡ್ತೀವಿ ಭಾವ. ಹಿಟ್ಟಿಗೆ ಮಾತ್ರ ಗಿರಣಿಗೇ ಬರಬೇಕು."

ಅವರು ಕಣ್ಣು ಎತ್ತಿ ಮಾಡಿನ ತೊಲೆಗಳನ್ನು ನೋಡಿದರು. "ಈ ಕಟ್ಟಡ ಯಾರ ಹೆಸರಲ್ಲಿದೆ ಅನ್ನೋದು ಮರೀಬೇಡ," ಎಂದು ಹೇಳಿ ಹೋದರು.

ಮರೆಯುವುದೇನು ಬಂತು, ಅದು ಅವರ ಹೆಸರಿನಲ್ಲೇ ಇತ್ತು. ನಾನು ಮೋಟಾರು ಹಾಕಿದೆ. ಉತ್ತರ ಕೊಡಲಾಗದ ಮಾತುಗಳಿಗೆ ನಮ್ಮ ಮನೆಯಲ್ಲಿ ಅದೇ ಉತ್ತರ.

ಕಾಲೇಜಿಗೆ ನಾನೇ ಮಗಳ ಜೊತೆ ಹೋದೆ. ಗೇಟಿನ ಪಕ್ಕದ ಫಲಕದಲ್ಲಿ ಇರುವ ವಿಷಯಗಳನ್ನೆಲ್ಲ ಬರೆದಿದ್ದರು. ಐಚ್ಛಿಕ ಇಂಗ್ಲಿಷ್ ಎಂಬುದೂ ಇತ್ತು. ಪ್ರಾಂಶುಪಾಲ ವಿಶ್ವಂಭರಯ್ಯನವರು ಕೆಟ್ಟ ಮನುಷ್ಯರಲ್ಲ. ಕೂರಿಸಿ ಮಾತನಾಡಿಸಿದರು.

"ಫಲಕದಲ್ಲಿ ಇದೆಯಮ್ಮ, ತರಗತೀಲಿ ಇಲ್ಲ. ಸೇರುವವರೇ ಇಲ್ಲದೆ ಮುಚ್ಚಿ ಎಷ್ಟೋ ಕಾಲವಾಯ್ತು. ಒಬ್ಬಳಿಗೋಸ್ಕರ ತೆರೆಯೋಕೆ ನಿಯಮ ಒಪ್ಪಲ್ಲ. ಕನಿಷ್ಠ ಹತ್ತು ಮಂದಿ ಬೇಕು."

"ಹತ್ತು ಮಂದಿ ಬಂದರೆ?"

"ಪ್ರವೇಶದ ಕೊನೇ ದಿನ ಹತ್ತು ಹುಡುಗಿಯರು, ಜೊತೆಗೆ ಸಹಿ ಹಾಕೋ ಮನೆಯವರು, ಇಲ್ಲಿ ಬಂದು ನಿಂತರೆ ತೆರೀತೀನಿ. ಬರೋದಿಲ್ಲ ಬಿಡಿ. ಬೇರೆ ಏನಾದರೂ ತಗೊಳ್ಳಲಿ."

ಹೊರಗೆ ಬಂದಾಗ ವರಾಂಡದಲ್ಲಿ ಇಂಗ್ಲಿಷ್ ಕಲಿಸುವ ಸಬೀಹಾ ಮೇಡಂ ಸಿಕ್ಕರು. ಬಿ.ಕಾಂ. ತರಗತಿಯವರಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿ ಕಲಿಸಿ ದಣಿದಿದ್ದ ಮುಖ. ವಿಷಯ ಕೇಳಿದ ಮೇಲೆ ವನಜಳ ಕೈಯಲ್ಲಿದ್ದ ಪುಸ್ತಕವನ್ನು ತೆಗೆದುಕೊಂಡು ಬಿಡಿಸಿದರು. ಹಿಟ್ಟು ಉದುರಿತು. ಅವರು ಅದನ್ನು ಜಾಡಿಸಲಿಲ್ಲ. "ನನಗೆ ಒಬ್ಬಳು ಸಾಕು. ಆದರೆ ಇಲ್ಲಿ ನನ್ನ ಮಾತು ನಡೆಯಲ್ಲಮ್ಮ," ಎಂದರು.

ಆಮೇಲಿನ ದಿನಗಳಲ್ಲಿ ವನಜ ತನ್ನ ಜೊತೆ ಓದಿದ ಹುಡುಗಿಯರ ಮನೆಮನೆಗೆ ಅಲೆದಳು. ಹುಡುಗಿಯರು ಒಪ್ಪುವುದು ಕಷ್ಟವಾಗಲಿಲ್ಲ. ಅವರೆಲ್ಲ ಹಿಟ್ಟಿಗೆ ಬಂದಾಗ ಅವಳ ಕತೆಗಳನ್ನು ಕೇಳಿದವರೇ; ಮುಂದೇನಾಯಿತು ಎಂದು ತಿಳಿಯಲು ಮರುದಿನ ಅರ್ಧ ಸೇರು ರಾಗಿ ಹಿಡಿದು ಬಂದವರೂ ಉಂಟು. ಕಷ್ಟವಿದ್ದದ್ದು ಅಮ್ಮ, ಅಜ್ಜಿಯರಲ್ಲಿ. ಅವರು ಇಲ್ಲವೆನ್ನಲಿಲ್ಲ. "ನೋಡೋಣ" ಎಂದರು. ನಮ್ಮ ಕಡೆ ಅದು ಇಲ್ಲ ಎನ್ನುವುದಕ್ಕಿಂತ ಗಟ್ಟಿಯಾದ ಮಾತು. ಇಲ್ಲ ಎಂದವರ ಜೊತೆ ಜಗಳವಾಡಬಹುದು. ನೋಡೋಣ ಎಂದವರ ಜೊತೆ ಏನಾಡುವುದು?

"ಮೊದಲು ನಿನ್ನ ಮಗಳು ಓದಲಿ," ಎಂದಳು ಕೆಳಕೇರಿಯ ತಿಪ್ಪಕ್ಕ. ಮೊಮ್ಮಗಳು ಹೇಮಳನ್ನು ಸಾಕಿದವಳು ಅವಳೇ. "ಒಳ್ಳೇದಾದರೆ ಬರೋ ವರ್ಷ ನಮ್ಮವಳೂ ಬರ್ತಾಳೆ."

"ನಮ್ಮ ನಸ್ರೀನ್‌ದೂ ಅದೇ ಮಾತು," ಎಂದಳು ಅವಳ ತಾಯಿ ಜೈಬುನ್. "ನೀವು ಮುಂದೆ ನಡೀರಿ ಅಕ್ಕಾ, ನಾವು ಹಿಂದೆ ಇದ್ದೇ ಇದೀವಿ."

ಎಲ್ಲರೂ ಹಿಂದೆ ಇದ್ದರೆ ಮುಂದಿರುವವಳಿಗೆ ತರಗತಿ ತೆರೆಯುವುದಿಲ್ಲ ಎಂಬುದನ್ನು ಯಾರಿಗೂ ತಿಳಿಸಿ ಹೇಳಲಾಗಲಿಲ್ಲ.

ಪ್ರವೇಶದ ಕೊನೆಯ ದಿನ ನಾಗರ ಪಂಚಮಿಯ ಹಿಂದಿನ ದಿನವೇ ಬಿತ್ತು. ತಂಬಿಟ್ಟಿಗೆ ಅಕ್ಕಿ, ಉಂಡೆಗೆ ಕಡಲೆ, ದಿನದ ಊಟಕ್ಕೆ ಜೋಳ, ರಾಗಿ. ಅದರ ಹಿಂದಿನ ಸಂಜೆ ಜಗಲಿಯ ತುಂಬ ಡಬ್ಬಿ. "ನಾಳೆ ಕಾಲೇಜಿಗೆ ಬರ್ತೀರಲ್ಲ?" ಎಂದು ಇಟ್ಟವರನ್ನೆಲ್ಲ ಕೇಳಿದೆ. "ಹಬ್ಬ ಅಲ್ಲವೇನೇ, ನೋಡೋಣ," ಎಂದರು ಎಲ್ಲರೂ.

ಆ ಸಂಜೆ ವನಜ ಕತೆ ಹೇಳಲಿಲ್ಲ. ಹಲಗೆಯ ಮೇಲಿನ ಗೆರೆಗಳನ್ನು ಅಂಗೈಯಿಂದ ಒರೆಸಿ, "ಬಿ.ಕಾಂ.ಗೇ ಹಾಕ್ತೀನಿ ಬಿಡಮ್ಮ," ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೇನೋ. ಅವಳ ಆ ಒಣ ದನಿ ನನ್ನನ್ನು ಎಬ್ಬಿಸಿತು. ನಾನು ಡಬ್ಬಿಗಳ ಸಾಲನ್ನು ನೋಡಿದೆ. ತಿಪ್ಪಕ್ಕ ನಿಂತಿದ್ದಳು, ಜೈಬುನ್ ನಿಂತಿದ್ದಳು, ಎಲ್ಲರೂ ನಿಂತಿದ್ದರು.

"ಬೆಳಿಗ್ಗೆ ತಳ್ಳುಗಾಡಿ ತರಿಸು," ಎಂದೆ.

ಬೆಳಗಾಗುತ್ತಲೇ ಗಿರಣಿ ಹಾಕಿ ಎಲ್ಲರದ್ದನ್ನೂ ಬೀಸಿದೆ. ಒಪ್ಪಿದ ಒಂಬತ್ತು ಹುಡುಗಿಯರ ಮನೆಯ ಡಬ್ಬಿಗಳನ್ನೂ ನಮ್ಮದನ್ನೂ ಮಾತ್ರ ಗಾಡಿಗೆ ಏರಿಸಿದೆವು. ಉಳಿದವರದ್ದನ್ನು ಪಕ್ಕದ ಅಂಗಡಿಯಲ್ಲಿ ಇಟ್ಟೆವು. ಕೊನೆಯಲ್ಲಿ ಭಾವನ ಮನೆಯ ಡಬ್ಬಿ ಉಳಿಯಿತು. ಕುಸುಮ ಒಪ್ಪಿದ್ದಳೋ ಇಲ್ಲವೋ, ಅವಳನ್ನು ಕೇಳುವ ಧೈರ್ಯ ವನಜಳಿಗೂ ಆಗಿರಲಿಲ್ಲ. ನಾನು ಸ್ವಲ್ಪ ಯೋಚಿಸಿ ಅದನ್ನೂ ಏರಿಸಿದೆ. ಬಾಗಿಲಿಗೆ ಬೀಗ ಹಾಕಿ, ಮಗಳ ಕೈಯಲ್ಲಿ ಸೀಮೆಸುಣ್ಣದಿಂದ ಬರೆಸಿದೆ: ನಿಮ್ಮ ಹಿಟ್ಟು ಕಾಲೇಜಿನಲ್ಲಿದೆ.

ಕಂಡವರ ಹಿಟ್ಟು ಹೊತ್ತೊಯ್ದೆನೆಂದು ಆಮೇಲೆ ಎಷ್ಟೋ ಮಂದಿ ಆಡಿಕೊಂಡರು. ಆಡಿಕೊಳ್ಳಲಿ. ಇವತ್ತು ಕೇಳಿದರೂ ಹೊತ್ತೊಯ್ಯುತ್ತೇನೆ.

ಪ್ರಾಂಶುಪಾಲರ ಕೋಣೆಯ ಮುಂದಿನ ವರಾಂಡದಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟೆವು. ಮೊದಲು ನಮ್ಮ ಮನೆಯದು. ಭಾವನ ಮನೆಯದನ್ನು ಸಾಲಿಗೆ ಸೇರಿಸದೆ ಕಂಬದ ಹತ್ತಿರ ಬೇರೆಯಾಗಿ ಇಟ್ಟೆ. ಜವಾನ ಬಂದು, "ಏನಕ್ಕಾ, ಹಾಸ್ಟೆಲ್ಲಿಗೆ ರೇಷನ್ನಾ?" ಎಂದ. ಪ್ರಾಂಶುಪಾಲರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಏನಮ್ಮ ಇದು?"

"ಹತ್ತು ಮಂದಿ ಕರ್ಕೊಂಡು ಬಾ ಅಂದಿರಲ್ಲ ಸಾರ್. ಪಾಳೀಲಿ ನಿಂತಿದಾರೆ."

"ಇವು ಡಬ್ಬಿಗಳು."

"ನಮ್ಮಲ್ಲಿ ಡಬ್ಬಿ ಬಂತು ಅಂದರೆ ಮನುಷ್ಯರು ಬಂದ ಹಾಗೆ."

"ವಿಶ್ವವಿದ್ಯಾಲಯದವರು ಡಬ್ಬಿಗೆ ಪ್ರವೇಶ ಕೊಡಲ್ಲಮ್ಮ," ಎಂದರು. ನಗು ತಡೆದುಕೊಂಡದ್ದು ಕಾಣುತ್ತಿತ್ತು.

"ಬರ್ತಾರೆ ಸಾರ್. ನಾಳೆ ಹಬ್ಬ. ಹಿಟ್ಟು ಬಿಟ್ಟು ಎಲ್ಲಿಗೆ ಹೋಗ್ತಾರೆ?"

ಮೊದಲು ಗೇಟಿನಲ್ಲಿ ತಿಪ್ಪಕ್ಕನ ದನಿ ಕೇಳಿಸಿತು, ಆಮೇಲೆ ತಿಪ್ಪಕ್ಕ ಕಾಣಿಸಿದಳು. ಹಿಂದೆ ಡಬ್ಬಿ ಹೊರಲು ಹೇಮ. "ಏನೇ ನಿನಗೆ ಬಂದಿರೋದು? ಹಿಟ್ಟು ಕೇಳೋಕೆ ಬಂದರೆ ಬಾಗಿಲ ಮೇಲೆ ಏನೋ ಗೀಚಿಸಿದೀಯ. ಓದು ಬಾರದೋಳು ನಾನು, ಹಬ್ಬದ ಗಡಿಬಿಡೀಲಿ ದಾರೀಲಿ ಹೋಗೋರನ್ನ ಹಿಡಿದು ಓದಿಸಬೇಕಾ?"

"ಹೇಮಾ ಓದಲಿಲ್ವಾ?"

"ಅವಳೇ ಓದಿದ್ದು. ನಕ್ಕೊಂಡು ಓದಿದಳು, ಮುಂಡೇದು."

ಜೈಬುನ್ ಬಂದಳು. "ಇವರಿಗಾದರೆ ಹಬ್ಬ. ನನಗೆ ಇವತ್ತಿನ ರೊಟ್ಟಿ ಅಕ್ಕಾ. ಹೊಟ್ಟೆ ಹಸಿದ ಗಂಡಸನ್ನ ಮನೇಲಿ ಕೂರಿಸಿ ಬಂದಿದೀನಿ." ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಡಬ್ಬಿ ಹೊರುವುದು ಮನೆಯ ಹುಡುಗಿಯರ ಕೆಲಸವಾದ್ದರಿಂದ ಹುಡುಗಿಯರೂ ಬಂದರು. ವರಾಂಡ ಸಂತೆಯಾಯಿತು. ಪ್ರಾಂಶುಪಾಲರು ಏನೋ ಹೇಳಲು ಕೈ ಎತ್ತಿದರು; ಕೇಳಿದವರಿಲ್ಲ. ಗಿರಣಿಯಲ್ಲಿ ಮಾತಾಡಿ ರೂಢಿಯಾದ ಗಂಟಲುಗಳು ಅವು.

ತಿಪ್ಪಕ್ಕ ಡಬ್ಬಿಗೆ ಕೈ ಹಾಕಿದಾಗ ನಾನು ಅಡ್ಡ ನಿಂತೆ.

"ಅಜ್ಜೀ, ಗಿರಣಿ ಕಲ್ಲು ಸವೆದಾಗ ಉಳಿ ಹೊಡೆಸ್ತೀನಲ್ಲ, ಆಮೇಲೆ ಬೀಸೋ ಮೊದಲನೇ ಹಿಟ್ಟಲ್ಲಿ ಏನಿರುತ್ತೆ?"

"ಕಲ್ಲಿನ ಪುಡಿ ಇರುತ್ತೆ. ಅದಕ್ಕೇನೀಗ?"

"ಅವತ್ತು ಯಾರಾದರೂ ಡಬ್ಬಿ ಮುಂದೆ ಇಡ್ತಾರಾ?"

"ಯಾಕೆ ಇಡ್ತಾರೆ, ಹಲ್ಲು ಉದುರಿಸ್ಕೊಳ್ಳೋಕಾ?"

"ಹಾಗಾದರೆ ಅವತ್ತು ಯಾರ ಕಾಳು ಮೊದಲು ಹಾಕ್ತೀನಿ?"

ತಿಪ್ಪಕ್ಕ ಡಬ್ಬಿಯಿಂದ ಕೈ ತೆಗೆದಳು. ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಕಲ್ಲಿಗೆ ಉಳಿ ಹೊಡೆಸಿದ ದಿನ ಮೊದಲ ಹಿಟ್ಟು ಗಿರಣಿಯವರದ್ದೇ. ಆ ದಿನ ನಮ್ಮ ಮನೆಯ ಮುದ್ದೆ ಹಲ್ಲಿಗೆ ಕರಕರ ಎನ್ನುತ್ತಿತ್ತು. ಎಷ್ಟೋ ವರ್ಷದಿಂದ ನಾನೂ ವನಜಳೂ ನುಂಗಿದ್ದೇವೆ.

"ಇವತ್ತೂ ಮೊದಲನೇ ಡಬ್ಬಿ ನಂದೇ ಅಜ್ಜಿ. ನನ್ನ ಮಗಳೇ ಮುಂದೆ ನಿಲ್ತಾಳೆ. ಬರೋದು ಕಲ್ಲಾದರೆ ಮೊದಲು ನಮ್ಮ ಬಾಯಿಗೇ ಬರಲಿ. ಆದರೆ ನನ್ನ ಡಬ್ಬಿ ಒಂದಕ್ಕೇ ಈ ಗಿರಣಿ ತಿರುಗಲ್ಲ. ಹಿಂದೆ ಇದೀವಿ ಅಂದಿರಿ. ಎಲ್ಲಿದೀರಿ?"

ಮಾತು ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಸಬೀಹಾ ಮೇಡಂ ಬಂದು ನಿಂತಿದ್ದರು.

"ಎರಡನೇ ಹಿಟ್ಟಲ್ಲೂ ಒಂಚೂರು ಕಲ್ಲು ಇದ್ದೇ ಇರುತ್ತೆ ಕಣೇ," ಎಂದಳು ತಿಪ್ಪಕ್ಕ. ದನಿ ಇಳಿದಿತ್ತು.

"ಇರುತ್ತೆ. ಸುಳ್ಳು ಹೇಳಲ್ಲ."

ಅವಳು ಮೊಮ್ಮಗಳ ಕಡೆ ತಿರುಗಿದಳು. "ಏನೇ, ತಿಂತೀಯಾ?"

"ತಿಂತೀನಿ ಅಜ್ಜಿ," ಎಂದಳು ಹೇಮ.

ತಿಪ್ಪಕ್ಕ ತನ್ನ ಡಬ್ಬಿಯನ್ನು ಕಾಲಿನಿಂದ ನೂಕಿ, ನಮ್ಮ ಡಬ್ಬಿಗೆ ತಾಗುವ ಹಾಗೆ ಸರಿಯಾಗಿ ನಿಲ್ಲಿಸಿದಳು. "ಬರೀಯಪ್ಪಾ," ಎಂದಳು ಅರ್ಜಿಗಳ ಕಟ್ಟು ಹಿಡಿದು ನಿಂತಿದ್ದ ಕಾಲೇಜಿನ ಗುಮಾಸ್ತನಿಗೆ, "ಎರಡನೇದು ನಮ್ಮದು." ಜೈಬುನ್ ಸೆರಗಿನಿಂದ ಮುಖ ಒರೆಸಿಕೊಂಡು, "ಮೂರನೇದರಲ್ಲಿ ಕಲ್ಲು ಸಿಕ್ಕರೆ ನಿಮ್ಮ ಗಿರಣಿಗೇ ತಂದು ಸುರೀತೀನಿ," ಎಂದು ಮುಂದೆ ಬಂದಳು. ಉಳಿದವರು ನೋಡೋಣ ಎನ್ನಲಿಲ್ಲ.

ಗುಮಾಸ್ತ ಎಣಿಸಿದ. ಒಂಬತ್ತು. ಒಬ್ಬಳ ಮನೆಯವರು ಬಂದು ಒಂದೂ ಮಾತಾಡದೆ ಡಬ್ಬಿ ಹೊರಿಸಿಕೊಂಡು ಹೋಗಿಬಿಟ್ಟಿದ್ದರು. ಪ್ರಾಂಶುಪಾಲರು ಗಡಿಯಾರ ನೋಡಿದರು. "ಒಂದು ಕಡಿಮೆ ಅಂದರೂ ಕಡಿಮೆಯೇ ಅಮ್ಮ," ಎಂದರು. ಹೇಳಲು ಅವರಿಗೂ ಇಷ್ಟವಿದ್ದಂತಿರಲಿಲ್ಲ. ವನಜ ನನ್ನ ಕೈ ಹಿಡಿದಳು.

ಆಗಲೇ ಭಾವ ಬಂದರು. ಹಿಂದೆ ಅವರ ಹೆಂಡತಿ ನೀಲಕ್ಕ, ಮಗಳು ಕುಸುಮ.

"ಊರಿನವರ ಮುಂದೆ ನಮ್ಮ ಮಾನ ಹರಾಜು ಹಾಕೋಕೆ ಬಂದಿದೀಯಾ?" ಎಂದರು ನನಗೆ. "ನಮ್ಮ ಮನೆ ಡಬ್ಬಿ ಎಲ್ಲಿ?"

ಕಂಬದ ಕಡೆ ತೋರಿಸಿದೆ. "ತಗೋ ಕುಸುಮಾ, ನಡಿ," ಎಂದರು.

ಕುಸುಮ ನೆಲ ನೋಡುತ್ತ ನಿಂತೇ ಇದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಭಾವ ಎರಡನೆಯ ಸಲ ಕರೆಯಲಿಲ್ಲ. ಕರೆದು ಬಾರದಿದ್ದರೆ ಅಷ್ಟು ಜನರ ಮುಂದೆ ಹೇಗಿರುತ್ತದೆಂದು ಹೊಳೆದಿರಬೇಕು. ತಾವೇ ಹೋಗಿ ಡಬ್ಬಿಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದರು. ಆ ಮನೆಗೆ ಅಷ್ಟು ವರ್ಷ ಹಿಟ್ಟು ಬೀಸಿದ್ದೇನೆ, ಅವರು ಡಬ್ಬಿ ಎತ್ತಿದ್ದನ್ನು ಕಂಡದ್ದು ಅದೇ ಮೊದಲು. ಹೊಸ ಹಿಟ್ಟು ಬಿಗಿದು ಮುಚ್ಚಿದ ಡಬ್ಬಿಯಲ್ಲಿ ಬೇಗ ಆರುವುದಿಲ್ಲ. ಅಡಿಯಲ್ಲಿ ಬಟ್ಟೆಯ ಸಿಂಬಿ ಇಲ್ಲದೆ ಹೊರುವವರಿಗೆ ತಗಡು ಸುಡುತ್ತದೆ ಎಂಬುದು ಹೊತ್ತವರಿಗೆ ಗೊತ್ತು. ಅವರು ಮೆಟ್ಟಿಲಿನ ಕಡೆ ನಾಲ್ಕು ಹೆಜ್ಜೆ ಹಾಕಿದರು, ತಡವರಿಸಿದರು, ಉಸ್ಸೆಂದು ಕೆಳಗಿಟ್ಟುಬಿಟ್ಟರು. ಬಿಳಿ ಪಂಚೆಯ ಮೇಲೆ ಹಿಟ್ಟು.

ಅವರು ಇಟ್ಟದ್ದು ಸಾಲಿನ ತುದಿಯಲ್ಲಿ. ಒಂಬತ್ತನೆಯ ಡಬ್ಬಿಯ ಹಿಂದೆ.

ಜೈಬುನ್ ಮೆಲ್ಲಗೆ, "ಪಾಳಿ ಹಿಡಿದಿರಲ್ಲ ಯಜಮಾನರೇ," ಎಂದಳು.

"ಇನ್ನು ತೆಗೀಬೇಡಪ್ಪ ಗುರುಶಾಂತ," ಎಂದಳು ತಿಪ್ಪಕ್ಕ. "ತೆಗೆದರೆ ಮತ್ತೆ ಕೊನೆಗೆ ಹೋಗಿ ನಿಲ್ಲಬೇಕಾಗುತ್ತೆ."

"ಈಗ ನಿಂತಿರೋದೂ ಕೊನೇಲೇ ಅಲ್ವಾ ಅಜ್ಜಿ?" ಎಂದಳು ಹೇಮ. ಹೆಂಗಸರೆಲ್ಲ ನಕ್ಕರು. ಆ ನಗುವಿನ ನಡುವೆ ಭಾವ ಡಬ್ಬಿಯ ಕಡೆಗೆ ಬಾಗಿದರು, ಕೈ ಚಾಚಿದರು. ಮುಟ್ಟಲಿಲ್ಲ. ಅವರೂ ಆ ಊರಿನವರೇ.

ಆಗ ನೀಲಕ್ಕ, ಮೈದುನನ ಸಾವಿನ ಮನೆಯಲ್ಲೂ ಗಟ್ಟಿಯಾಗಿ ಅಳದ ನೀಲಕ್ಕ, ಎಲ್ಲರ ಹಿಂದಿನಿಂದ ಕೇಳಿದಳು: "ಸಾರ್, ತಾಯಿ ಸಹಿ ಹಾಕಿದರೆ ನಡೆಯುತ್ತಾ?"

"ನಡೆಯುತ್ತಮ್ಮ," ಎಂದರು ಪ್ರಾಂಶುಪಾಲರು.

ಭಾವ ಪಂಚೆ ಕೊಡವಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು. ಕುಸುಮ ಬೆನ್ನ ಹಿಂದಿನ ಕೈ ಬಿಡಿಸಿ ಲೇಖನಿ ತೆಗೆದುಕೊಂಡಳು. ಸಬೀಹಾ ಮೇಡಂ ಹತ್ತೂ ಹುಡುಗಿಯರ ಮುಖ ನೋಡಿ, "ಸೋಮವಾರ ಹತ್ತು ಗಂಟೆಗೆ. ತಡವಾಗಿ ಬಂದರೆ ಒಳಗೆ ಬಿಡಲ್ಲ," ಎಂದರು.

ಭಾವ ಕಟ್ಟಡದ ಮಾತನ್ನು ಆಮೇಲೆ ಹಲವು ಸಲ ಎತ್ತಿದರು. ನಾನು ಬೀಗದ ಕೈ ಕೊಡಲಿಲ್ಲ. ಅವರ ಮನೆಯ ಡಬ್ಬಿ ವಾರವಾರವೂ ಬರುತ್ತಲೇ ಇತ್ತು. ಹಿಟ್ಟಿಲ್ಲದೆ ಸಿಟ್ಟನ್ನೂ ಮಾಡಲಾಗುವುದಿಲ್ಲ.

ಓದಿ ಏನಾದಳು ಎಂದು ಜನ ಇವತ್ತಿಗೂ ಕೇಳುತ್ತಾರೆ. ಮೂರು ವರ್ಷ ಓದಿದಳು. ಕಲ್ಲು ಸಿಕ್ಕಿತು, ನುಂಗಿದಳು. ಸಂಜೆಗಳಲ್ಲಿ ನನಗೆ ಕವಿತೆ ಬಂತು, ನಾಟಕ ಬಂತು, ಹಿಟ್ಟು ಗುಡಿಸುವ ಪೊರಕೆ ಹಿಡಿದು ಅವಳು ರಾಣಿಯ ಮಾತನ್ನೂ ರಾಜನ ಮಾತನ್ನೂ ಒಬ್ಬಳೇ ಆಡಿದಳು. ಅದರ ಮೇಲಿನದನ್ನು ನಾನು ಕೇಳಿದವರಿಗೆ ಹೇಳುವುದಿಲ್ಲ. ಕೆಲಸ ಸಿಕ್ಕಿತೆಂದರೆ ಅದಕ್ಕೇ ಓದಿದ್ದು ಎನ್ನುತ್ತಾರೆ, ಇಲ್ಲವೆಂದರೆ ನಾವು ಅಂದಿರಲಿಲ್ಲವೇ ಎನ್ನುತ್ತಾರೆ. ದೋಣಿ ಸೋರಿತೇ ಎಂದು ಕೇಳುವವರಿಗೆ ಹೋದದ್ದು ಕಾಣುವುದೇ ಇಲ್ಲ.

ಆ ದಿನ ಎಲ್ಲರೂ ಡಬ್ಬಿ ಹೊರಿಸಿಕೊಂಡು ಹೊರಟ ಮೇಲೆ ನಾವು ನಮ್ಮ ಹಿಟ್ಟನ್ನು ಚೀಲಕ್ಕೆ ಸುರಿದುಕೊಂಡೆವು. ವನಜ ಖಾಲಿ ಡಬ್ಬಿಯನ್ನು ಗಾಡಿಗೆ ಇಡಲು ಹೋದಳು.

"ಅದು ಅಲ್ಲೇ ಇರಲಿ," ಎಂದೆ. "ಬರೋ ವರ್ಷವೂ ಹತ್ತು ಮಂದಿ ಬೇಕಲ್ಲ. ಪಾಳಿ ಬಿಡಬಾರದು."

ಅವಳು ಅದನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲಿಗೇ ಒಯ್ದು, ಪ್ರಾಂಶುಪಾಲರ ಬಾಗಿಲಿನ ಪಕ್ಕದಲ್ಲಿ ನಿಲ್ಲಿಸಿ ಬಂದಳು. ಈಗ ಅದಕ್ಕೆ ತುಕ್ಕು ಹಿಡಿದಿದೆ. ಪ್ರಾಂಶುಪಾಲರು ಬದಲಾದರು, ಜವಾನರು ಬದಲಾದರು. ಸುಣ್ಣ ಬಳಿಯುವವರು ಅದನ್ನು ಎತ್ತಿ ಆಚೆ ಇಟ್ಟು, ಗೋಡೆ ಒಣಗಿದ ಮೇಲೆ ಮರಳಿ ತಂದು ಇಡುತ್ತಾರಂತೆ. ಗುಡಿಸುವವಳು ಅದರ ಸುತ್ತ ಗುಡಿಸುತ್ತಾಳೆ. ಪ್ರತಿ ವರ್ಷ ಹೊಸ ಹುಡುಗಿಯರು ಬಂದು ಅದರ ಹಿಂದೆ ನಿಲ್ಲುತ್ತಾರೆ.